ಗೋಕರ್ಣದಲ್ಲಿ ಕಡಲಿಗೆ ಬೆನ್ನು ಹಾಕಿದರೆ

ಗುರುವಾರ

ಗೋಕರ್ಣ ರೋಡ್ ಎಂಬ ಬೋರ್ಡು ನೋಡಿ ರೈಲಿನಿಂದ ಇಳಿದವರಿಗೆ ಊರು ಕಾಣುವುದಿಲ್ಲ, ಸಮುದ್ರವಂತೂ ಇಲ್ಲವೇ ಇಲ್ಲ. ಅಲ್ಲಿಂದ ಊರಿಗೆ ಹತ್ತಿರ ಹತ್ತಿರ ಹತ್ತು ಕಿಲೋಮೀಟರ್ ದಾರಿ. ಬೆಳಗಿನ ರೈಲಿಗೆ ಆಟೊಗಳು ಕಾದಿರುತ್ತವೆ. ಬಾಡಿಗೆ ಮೊದಲೇ ಮಾತಾಡಿಕೊಂಡು ಕೂತರೆ ದಾರಿಯುದ್ದಕ್ಕೂ ಗದ್ದೆ, ತೆಂಗು, ನಡುನಡುವೆ ಫಳಫಳ ಹೊಳೆಯುವ ನೀರಿನ ಚೌಕಗಳು. ಆ ಚೌಕಗಳೇ ಸಾಣಿಕಟ್ಟಾದ ಉಪ್ಪಿನ ಆಗರ. ಬರುವವರಲ್ಲಿ ಮುಕ್ಕಾಲು ಮಂದಿ ಅವನ್ನು ಆಟೊದ ಬದಿಯಿಂದ ಒಮ್ಮೆ ಕಣ್ಣಾಡಿಸಿ ಸೀದಾ ಬೀಚಿಗೆ ಹೋಗುತ್ತಾರೆ. ನನ್ನನ್ನು ಕೇಳಿದರೆ ಈ ಊರಿನ ಅರ್ಧ ಸೊಗಸು ಅಲ್ಲೇ ಹಿಂದೆ ಉಳಿದುಬಿಡುತ್ತದೆ. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ. ಎರಡು ಹೊಳೆಗಳ ನಡುವೆ ಕೂತ ಊರು ಇದು, ಕಡಲು ಇದರ ಒಂದು ಮಗ್ಗುಲು ಮಾತ್ರ.

ನಾವು ಹೋದದ್ದು ಹೋಳಿ ಹುಣ್ಣಿಮೆಯ ವಾರ. ಬೇಕೆಂದೇ ಆರಿಸಿಕೊಂಡ ವಾರ ಅದು. ಆಗರದಲ್ಲಿ ಉಪ್ಪು ಏಳುವ ಕಾಲ, ಇಲ್ಲಿಯ ಹಾಲಕ್ಕಿ ಸಮುದಾಯದವರ ಸುಗ್ಗಿ ಕುಣಿತ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತ, ಮೂರೂ ಒಟ್ಟಿಗೆ ಸಿಗುತ್ತವೆ. ಸೆಕೆ ಇರುತ್ತದೆ, ಅದಕ್ಕೆ ಮಾಡುವಂಥದ್ದೇನಿಲ್ಲ. ಹನ್ನೊಂದರಿಂದ ಮೂರೂವರೆವರೆಗೆ ಫ್ಯಾನಿನ ಕೆಳಗೆ ಬಿದ್ದುಕೊಂಡಿರಬೇಕು ಎಂದು ಮೊದಲೇ ಒಪ್ಪಿಕೊಂಡರೆ ಉಳಿದದ್ದೆಲ್ಲ ಸಲೀಸು.

ಸ್ನಾನ ಮುಗಿಸಿ ದೇವಸ್ಥಾನಕ್ಕೆ. ಇಲ್ಲಿಯ ಪದ್ಧತಿ ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಯಾಕೆಂದು ಕಥೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ: ರಾವಣ ಆತ್ಮಲಿಂಗ ಹಿಡಿದು ಲಂಕೆಗೆ ಹೊರಟವನು, ಸಂಧ್ಯಾವಂದನೆಯ ಹೊತ್ತಾಯಿತೆಂದು ದನ ಕಾಯುವ ಹುಡುಗನ ಕೈಗೆ ಕೊಟ್ಟ. ಆ ಹುಡುಗ ಗಣಪತಿ. ಮೂರು ಸಲ ಕರೆದು, ಬರಲಿಲ್ಲವೆಂದು ನೆಲಕ್ಕಿಟ್ಟುಬಿಟ್ಟ. ಸಿಟ್ಟಿಗೆದ್ದ ರಾವಣ ಹುಡುಗನ ತಲೆಗೆ ಗುದ್ದಿದ ಗುರುತು ಗಣಪತಿಯ ಮೂರ್ತಿಯ ನೆತ್ತಿಯ ಮೇಲಿದೆ ಎಂದು ತೋರಿಸುತ್ತಾರೆ. ಲಿಂಗವನ್ನು ಕಿತ್ತೆಳೆದಾಗ ಅದರ ಹೊದಿಕೆ, ದಾರ, ಪೆಟ್ಟಿಗೆ ಎಲ್ಲೆಲ್ಲಿ ಬಿದ್ದವೋ ಅಲ್ಲೆಲ್ಲ ಒಂದೊಂದು ಕ್ಷೇತ್ರ. ಮುರ್ಡೇಶ್ವರ, ಧಾರೇಶ್ವರ, ಗುಣವಂತೆ, ಸಜ್ಜೇಶ್ವರ ಎಲ್ಲವೂ ಆ ಲೆಕ್ಕದಲ್ಲೇ ಬರುತ್ತವೆ. ಗರ್ಭಗುಡಿಯಲ್ಲಿ ಕಾಣುವಂಥದ್ದು ಹೆಚ್ಚಿಲ್ಲ. ಪೀಠದ ನಡುವಿನ ಕುಳಿಯಲ್ಲಿ ಬೆರಳಿಟ್ಟರೆ ತಣ್ಣಗಿನ ಕಲ್ಲಿನ ತುದಿ ಸಿಗುತ್ತದೆ, ಅಷ್ಟೇ. ಗಂಡಸರು ಅಂಗಿ ಬಿಚ್ಚಬೇಕು, ಪಂಚೆ ಉಡಬೇಕು. ಬರ್ಮುಡಾದಲ್ಲಿ ಹೋಗಿ ಬಾಗಿಲಲ್ಲಿ ವಾದ ಮಾಡುವವರು ದಿನಾ ಇರುತ್ತಾರೆ ಎಂದು ಕಾಣುತ್ತದೆ.

ರಥಬೀದಿಯಲ್ಲಿ ದೊಡ್ಡ ರಥ ನಿಂತಿತ್ತು. ಶಿವರಾತ್ರಿಯ ಸಡಗರ ಮುಗಿದಿತ್ತು. ಅದರ ಗಾಲಿಯ ಪಕ್ಕದಲ್ಲೇ ಸೊಪ್ಪು, ತರಕಾರಿ ಹರವಿಕೊಂಡು ಹಾಲಕ್ಕಿ ಹೆಂಗಸರು. ಕುತ್ತಿಗೆ ತುಂಬ ಕಪ್ಪು, ಹಳದಿ ಮಣಿಸರ, ಮುಡಿಯಲ್ಲಿ ಹೂವು. ಕೆಂಪು ಹರಿವೆ, ಬಸಳೆ, ಮೊಗೆಕಾಯಿ, ಗೆಣಸು. ಗೋಕರ್ಣ ಸುತ್ತಲಿನ ಹೊಯಿಗೆ (ಮರಳು) ಮಣ್ಣಿನ ತರಕಾರಿಗೆ ಕರಾವಳಿಯಲ್ಲಿ ಹೆಸರಿದೆ. ಫೋಟೊ ತೆಗೆಯಬಹುದಾ ಎಂದು ಕೇಳಿದ ಒಬ್ಬರಿಗೆ ಅಜ್ಜಿಯೊಬ್ಬಳು, "ಪಟ ತಗೂಕೆ ಬಂದ್ಯಾ, ಬಸಳೆ ತಗೂಕೆ ಬಂದ್ಯಾ?" ಎಂದಳು. ಅವರು ಎರಡು ಕಟ್ಟು ಬಸಳೆ ತಗೊಂಡರು. ಲಾಡ್ಜಿನಲ್ಲಿ ಅದನ್ನು ಏನು ಮಾಡಿದರೋ.

ಸಂಜೆ ಊರ ಎದುರಿನ ದೊಡ್ಡ ಕಡಲತೀರ. ಇದು ಈಜುವವರ ಬೀಚಲ್ಲ. ಇಲ್ಲಿಗೆ ಬರುವವರಲ್ಲಿ ಪಿತೃಕಾರ್ಯಕ್ಕೆ ಬಂದವರು, ತಲೆ ಬೋಳಿಸಿಕೊಂಡವರು, ಕೋಟಿತೀರ್ಥದಲ್ಲಿ ಮಿಂದು ಬಂದ ಹಳ್ಳಿಯ ತಂಡಗಳು. ಬಯಲುಸೀಮೆಯಿಂದ ಬಂದು ಮೊದಲ ಬಾರಿ ಸಮುದ್ರ ನೋಡುವ ಹಿರಿಯರು ಸೀರೆಯ ನಿರಿಗೆ ಎತ್ತಿ ಹಿಡಿದು, ಅಲೆ ಬಂದಾಗಲೆಲ್ಲ ಕೂಗಿ ಹಿಂದೆ ಓಡುತ್ತಾರೆ. ಕುಡ್ಲೆ, ಓಂ ಬೀಚಿನ ಜನಕ್ಕೂ ಈ ಜನಕ್ಕೂ ಸಂಬಂಧವೇ ಇಲ್ಲ. ನಡುವೆ ಇರುವುದು ಒಂದು ಗುಡ್ಡ ಮಾತ್ರ.

ಶುಕ್ರವಾರ

ಆ ಗುಡ್ಡ ಹತ್ತುವ ದಿನ. ಬೀಚಿನ ದಕ್ಷಿಣದ ತುದಿಯಿಂದ ಮೆಟ್ಟಿಲೇರಿದರೆ ರಾಮತೀರ್ಥ. ಗುಡ್ಡದೊಳಗಿನ ಸಿಹಿನೀರಿನ ಒರತೆ ಬೇಸಿಗೆಯಲ್ಲೂ ಸಣ್ಣಗೆ ಸುರಿಯುತ್ತಲೇ ಇರುತ್ತದೆ. ಕೆಳಗೆ ಉಪ್ಪು ಸಮುದ್ರ, ಮೇಲೆ ಸಿಹಿನೀರು. ಜಂಬಿಟ್ಟಿಗೆ ಕಲ್ಲಿನ ಗುಣ ಅದು. ಮಳೆಗಾಲದಲ್ಲಿ ನೀರು ಹೀರಿಕೊಂಡು ವರ್ಷವಿಡೀ ನಿಧಾನ ಬಿಡುತ್ತದೆ. ಬಾಟಲಿ ತೊಳೆದುಕೊಂಡು, ಮುಖಕ್ಕೆ ನೀರು ಚಿಮುಕಿಸಿಕೊಂಡು ಮುಂದೆ ನಡೆದೆವು.

ಗುಡ್ಡದ ನೆತ್ತಿ ಬೋಳು. ಒಣಗಿದ ಹುಲ್ಲು, ಕೆಂಪು ಕಲ್ಲು, ಅಲ್ಲಲ್ಲಿ ಗೇರು ಗಿಡ. ಅಲ್ಲಿಂದ ಕುಡ್ಲೆಗೆ ಇಳಿದು, ಮರಳಿನ ಆ ತುದಿಯಿಂದ ಮತ್ತೆ ಏರಿ, ಓಂ ಬೀಚ್. ಅಲ್ಲಿಂದ ಬಂಡೆಗಳ ಅಂಚಿನ ಕಾಲುದಾರಿಯಲ್ಲಿ ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ಬೆಳಿಗ್ಗೆ ಆರೂವರೆಗೆ ಹೊರಟರೆ ಬಿಸಿಲು ಏರುವ ಮೊದಲು ಪ್ಯಾರಡೈಸ್ ತಲುಪಬಹುದು. ಓಂ ಬೀಚಿನವರೆಗೆ ವಾಹನ ಹೋಗುತ್ತದೆ, ಹೋಗುವವರೇ ಹೆಚ್ಚು. ಹಾಗೆ ಹೋದರೆ ಸಿಗುವುದು ಪಾರ್ಕಿಂಗಿನ ಜಗಳ. ನಡೆದು ಬಂದವರಿಗೆ ಮಾತ್ರ ಓಂ ಬೀಚು ಮೇಲಿನಿಂದ, ಎರಡು ಅರ್ಧಚಂದ್ರ ಮತ್ತು ನಡುವಿನ ಬಂಡೆಯ ಮೂತಿ ಸಮೇತ, ಪೂರ್ತಿ ಕಾಣುತ್ತದೆ. ಕೆಳಗೆ ನಿಂತವರು ಓಂಕಾರ ಎಲ್ಲಿದೆ ಎಂದು ಹುಡುಕುತ್ತಿರುತ್ತಾರೆ.

ಹಾಫ್ ಮೂನಿಗೆ ಹೋಗುವ ದಾರಿಯಲ್ಲಿ ಚಪ್ಪಲಿ ಸಾಲದು, ಹಿಡಿತವಿರುವ ಶೂ ಬೇಕು. ಒಂದೆರಡು ಕಡೆ ಕೈಯೂರಿ ಇಳಿಯಬೇಕು. ಮಳೆಗಾಲದಲ್ಲಿ ಈ ಬಂಡೆಗಳ ಮೇಲೆ ಪಾಚಿ ಕಟ್ಟುತ್ತದೆ, ಆಗ ಆ ಕಡೆ ತಲೆ ಹಾಕಬಾರದು. ಪ್ಯಾರಡೈಸ್ ಎಂದು ಹೆಸರಿಟ್ಟವರು ಸ್ವಲ್ಪ ಹೆಚ್ಚೇ ಹೇಳಿದರು ಎಂದು ನನಗೆ ಅನಿಸಿತು. ಚಿಕ್ಕ ಬೀಚು, ಕಲ್ಲು ಜಾಸ್ತಿ, ಟೆಂಟುಗಳ ಹಿಂದೆ ಪ್ಲಾಸ್ಟಿಕ್. ಆದರೆ ಅಲ್ಲಿಂದ ದೋಣಿಯಲ್ಲಿ ವಾಪಸ್ ಬರುವುದಿದೆಯಲ್ಲ, ಅದಕ್ಕಾಗಿಯಾದರೂ ಹೋಗಬೇಕು. ಬೆಳಿಗ್ಗೆ ಬೆವರು ಸುರಿಸಿ ದಾಟಿದ ಗುಡ್ಡಗಳೆಲ್ಲ ಸಮುದ್ರದ ಕಡೆಯಿಂದ ಒಂದರ ಹಿಂದೊಂದು ಕಾಣುತ್ತವೆ. ಜೀವರಕ್ಷಕ ಜಾಕೆಟ್ ಕೇಳಿ ಹಾಕಿಕೊಳ್ಳಿ. ಕೊಡದ ದೋಣಿ ಹತ್ತಬೇಡಿ.

ಸಂಜೆ ಕುಡ್ಲೆಯಲ್ಲಿ ನೀರಿಗಿಳಿದೆವು. ಗೋಕರ್ಣದ ಬೀಚುಗಳಲ್ಲಿ ಪ್ರವಾಸಿಗರು ಮುಳುಗಿದ ಸುದ್ದಿ ಪ್ರತಿ ವರ್ಷ ಪತ್ರಿಕೆಯಲ್ಲಿ ಬರುತ್ತದೆ, ಹಾಗಾಗಿ ಒಂದು ಮಾತು. ದಡಕ್ಕೆ ನುಗ್ಗಿದ ನೀರು ಎಲ್ಲಾದರೂ ಒಂದು ಕಡೆಯಿಂದ ವಾಪಸ್ ಹೋಗಲೇಬೇಕು. ಅದು ಹೋಗುವುದು ಸಾಮಾನ್ಯವಾಗಿ ಬಂಡೆಯ ಬದಿಯಿಂದ, ಇಲ್ಲವೇ ಎರಡು ಮರಳುದಿನ್ನೆಗಳ ನಡುವಿನಿಂದ. ಅಲ್ಲಿ ಅಲೆ ಒಡೆಯುವುದಿಲ್ಲ, ನೀರು ನಯವಾಗಿ ಕಾಣುತ್ತದೆ, ಶಾಂತವಾಗಿದೆ ಎಂದುಕೊಂಡು ಈಜು ಬಾರದವರು ಅಲ್ಲಿಗೇ ಹೋಗುತ್ತಾರೆ. ಸೆಳೆತಕ್ಕೆ ಸಿಕ್ಕರೆ ಅದರ ಎದುರು ಈಜಿ ಸುಸ್ತಾಗಬಾರದು, ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ ಹೊರಬಂದು ಆಮೇಲೆ ದಡದ ಕಡೆ ತಿರುಗಬೇಕು. ಜೀವರಕ್ಷಕರು ಸೀಟಿ ಊದಿದರೆ ಅದು ನಮ್ಮ ಮೋಜು ಕೆಡಿಸಲು ಅಲ್ಲ.

ಶನಿವಾರ

ಇಡೀ ಪ್ರವಾಸದಲ್ಲಿ ನಾನು ಕಾದಿದ್ದ ದಿನ ಇದೇ. ಬಾಡಿಗೆ ಸ್ಕೂಟರು ಹಿಡಿದು ಕಡಲಿಗೆ ಬೆನ್ನು ಹಾಕಿ ಬಂಕಿಕೊಡ್ಲ, ಹನೇಹಳ್ಳಿ ಕಡೆ ಹೊರಟೆವು. ಯಶವಂತ ಚಿತ್ತಾಲರ ಕಥೆಗಳನ್ನು ಓದಿದವರಿಗೆ ಹನೇಹಳ್ಳಿ ಹೊಸ ಹೆಸರಲ್ಲ. ಅಲ್ಲಿಂದ ಮುಂದೆ ಸಾಣಿಕಟ್ಟಾ.

ಆಗರ ದೂರದಿಂದ ಚಪ್ಪಟೆ, ಬಣ್ಣವಿಲ್ಲದ ಬಯಲು. ಏರಿಯ ಮೇಲೆ ನಿಂತು ನೋಡಿದಾಗಲೇ ಅದು ನೀರಿನ ಮೆಟ್ಟಿಲು ಎಂದು ತಿಳಿಯುವುದು. ಉಬ್ಬರ ಬಂದಾಗ ಅಘನಾಶಿನಿಯ ಉಪ್ಪುನೀರನ್ನು ಜಂತ್ರಡಿ ಎಂಬ ತೂಬಿನಿಂದ ಒಳಗೆ ಬಿಟ್ಟುಕೊಳ್ಳುತ್ತಾರೆ. ದೊಡ್ಡ ಹೊಂಡದಲ್ಲಿ ಅದು ದಿನಗಟ್ಟಲೆ ಬಿಸಿಲು ಕಾಯುತ್ತದೆ, ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಕರಗಿದ ಲವಣ ಸುಮಾರು 35 ಗ್ರಾಂ. ನೀರು ಆವಿಯಾಗಿ ಹತ್ತನೇ ಒಂದು ಪಾಲಿಗೆ ಇಳಿದಾಗ ಅಡುಗೆ ಉಪ್ಪು ಹರಳುಗಟ್ಟತೊಡಗುತ್ತದೆ. ಅದಕ್ಕೆ ಮೊದಲೇ ಜಿಪ್ಸಂ ತಳ ಸೇರಿರುತ್ತದೆ, ಕೊನೆಗೆ ಉಳಿಯುವುದು ಮೆಗ್ನೀಸಿಯಂ ತುಂಬಿದ ಕಹಿನೀರು. ಆ ಕಹಿನೀರನ್ನು ಹೊತ್ತಿಗೆ ಸರಿಯಾಗಿ ಹೊರಗೆ ಬಿಡದಿದ್ದರೆ ಉಪ್ಪಿನ ರುಚಿಯೇ ಕೆಡುತ್ತದೆ. ಯಾವ ನೀರನ್ನು ಯಾವಾಗ ಯಾವ ಚೌಕಕ್ಕೆ ತಿರುಗಿಸಬೇಕು ಎನ್ನುವುದರಲ್ಲೇ ಎಲ್ಲ ಕಸುಬೂ ಇದೆ.

ಕೊನೆಯ ಚೌಕಗಳು ಚಿಕ್ಕವು, ತಳ ತುಳಿದು ತುಳಿದು ಗಟ್ಟಿ ಮಾಡಿದ ಜೇಡಿಮಣ್ಣು. ಬಗ್ಗಿ ನೋಡಿದರೆ ನೀರಿನ ಮೇಲೆ ಕಾಯಿಸಿಟ್ಟ ಹಾಲಿನ ಕೆನೆಯ ಹಾಗೆ ತೆಳ್ಳನೆ ಪದರ. ಬೆರಳಿನಿಂದ ಮುಟ್ಟಿದರೆ ಒಡೆದು, ಚೂರುಗಳು ಓರೆಯಾಗಿ ತಳಕ್ಕಿಳಿಯುತ್ತವೆ. ಒಂದೊಂದು ಚೂರೂ ಚೌಕ, ನಡುವೆ ತಗ್ಗು, ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲು. ಕೆಲಸದವರು ಉದ್ದ ಕೋಲಿನ ತುದಿಗೆ ಹಲಗೆ ಕಟ್ಟಿ ಉಪ್ಪನ್ನು ಅಂಚಿಗೆ ಎಳೆಯುತ್ತಿದ್ದರು. ಅವಸರವಿಲ್ಲ, ಹಲಗೆ ತಳದ ಕೆಸರನ್ನು ಕೆರೆಯಕೂಡದು. ಕೆರೆದರೆ ಉಪ್ಪು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಅಂಚಿಗೆ ಬಂದದ್ದನ್ನು ಬುಟ್ಟಿಗೆ ತುಂಬಿ, ನೀರು ಸೋರಿದ ಮೇಲೆ ತಲೆಯ ಮೇಲೆ ಹೊತ್ತು ರಾಶಿಗೆ. ಹನ್ನೊಂದರ ಬಿಸಿಲು ಬಿಳಿ ರಾಶಿಯಿಂದಲೂ ನೀರಿನಿಂದಲೂ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಕಾಲುಗಂಟೆ ನಿಂತು ನಮ್ಮ ತುಟಿ ಒಡೆಯಿತು. ಅವರು ಮಳೆ ಬೀಳುವವರೆಗೂ ಅಲ್ಲೇ ಇರುತ್ತಾರೆ. ಉಪ್ಪು ಮಾಡುವುದು ಈ ಕಡೆ ಆಗೇರ ಸಮುದಾಯದ ಹಳೆಯ ಕಸುಬು. ಈಗಿನ ಆಗರದ ವ್ಯವಹಾರ ನೋಡಿಕೊಳ್ಳುವುದು ನಾಗರಬೈಲ್ ಉಪ್ಪಿನ ಮಾಲೀಕರ ಸಹಕಾರಿ ಸಂಘ, 1952ರಲ್ಲಿ ಸ್ಥಾಪನೆಯಾದದ್ದು. ಅನುಮತಿ ಕೇಳದೆ ಏರಿಯ ಮೇಲೆಲ್ಲ ಓಡಾಡಬೇಡಿ, ಒಂದು ಹೆಜ್ಜೆ ಕುಸಿದರೆ ಒಂದು ಚೌಕದ ನೀರು ಹೋಗುತ್ತದೆ.

ಉಪ್ಪಿಗೂ ಈ ಸೀಮೆಗೂ ಇನ್ನೊಂದು ನಂಟಿದೆ. ಪಕ್ಕದ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದರು. ಅಂಕೋಲೆಗೆ, ಕಂದಾಯ ನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯ ಮೇಲೆ, ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಆ ವರ್ಷಗಳ ಹೋರಾಟದಿಂದ. ಈಗ ಹರಳುಪ್ಪಿನ ಚೀಲ ಕೇಳಿಕೊಂಡು ಬರುವವರು ಹೆಚ್ಚಾಗಿ ಘಟ್ಟದ ಮೇಲಿನವರು. ಉಪ್ಪಿನಕಾಯಿಯ ಅಪ್ಪೆಮಿಡಿ ಕೊಯ್ಲಿನ ಕಾಲವೂ ಇದೇ; ಮಿಡಿಯನ್ನು ಉಪ್ಪಿನಲ್ಲಿ ಹಾಕಲು ಅವರಿಗೆ ಪುಡಿ ಉಪ್ಪು ಒಗ್ಗುವುದಿಲ್ಲ. ನಾವೂ ಒಂದು ಸಣ್ಣ ಚೀಲ ಕಟ್ಟಿಸಿಕೊಂಡೆವು.

ಊಟ, ನಿದ್ದೆ. ನಾಲ್ಕಕ್ಕೆ ತದಡಿ.

ತದಡಿ ಮೀನುಗಾರಿಕೆ ಬಂದರು. ವಾಸನೆಗೆ ಮೂಗು ಮುಚ್ಚುವವರು ಬರದಿರುವುದೇ ಒಳ್ಳೆಯದು. ಬೋಟುಗಳು ಸಾಲಾಗಿ ನಿಂತಿದ್ದವು, ಬಲೆ ಹೊಲಿಯುವವರು ಹೊಲಿಯುತ್ತಿದ್ದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಹಾಗಾಗಿ ಬೇಸಿಗೆಯ ಈ ತಿಂಗಳುಗಳಲ್ಲಿ ದುಡಿಮೆಗೆ ಬಿಡುವಿಲ್ಲ. ಇದೇ ತದಡಿಯಲ್ಲಿ 4000 ಮೆಗಾವಾಟಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಇತ್ತು. ಜನ ವಿರೋಧಿಸಿದರು, ಯೋಜನೆ ಬಿದ್ದುಹೋಯಿತು. ಬಿದ್ದುಹೋದದ್ದರಿಂದ ಉಳಿದದ್ದು ಏನು ಎಂದು ನೋಡಬೇಕಾದರೆ ಇಲ್ಲಿಂದ ದೋಣಿ ಹತ್ತಿ ಆಚೆ ದಡದ ಅಘನಾಶಿನಿ ಊರಿಗೆ ದಾಟಬೇಕು. ಬೈಕುಗಳನ್ನೂ ಹೇರಿಕೊಂಡು ಹೋಗುವ ದೋಣಿ. ನಮ್ಮ ಜೊತೆ ಇಬ್ಬರು ಶಾಲೆ ಮಕ್ಕಳು, ಒಂದು ಗ್ಯಾಸ್ ಸಿಲಿಂಡರು, ಮದುವೆ ಕರೆಯಲು ಹೊರಟ ಒಂದು ಕುಟುಂಬ.

ಹೊಳೆಯ ನಡುವಿಗೆ ಬಂದಾಗ ಇಳಿತ ಚೆನ್ನಾಗಿ ಇಳಿದಿತ್ತು. ಎರಡೂ ಕಡೆ ಮರಳುದಿನ್ನೆ ಬೆನ್ನು ತೋರಿಸಿತ್ತು. ಅದರ ಸುತ್ತ ಸೊಂಟದ ನೀರಿನಲ್ಲಿ ಹೆಂಗಸರು, ಗಂಡಸರು ಬಗ್ಗಿ ಏಳುತ್ತಿದ್ದರು. ಬೆಳಚು ಎಂಬ ಚಿಪ್ಪುಮೀನು ತೆಗೆಯುವವರು. ಕಾಲಿನಿಂದ ತಡಕಿ, ಚಿಪ್ಪು ತಾಗಿದಲ್ಲಿ ಮುಳುಗು ಹಾಕಿ, ಕೈಯಿಂದ ಬಗೆದು ಮೇಲೆತ್ತುತ್ತಾರೆ. ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ಅಲ್ಯುಮಿನಿಯಂ ಪಾತ್ರೆ ತೇಲುತ್ತಾ ಹಿಂದೆ ಹಿಂದೆ ಬರುತ್ತದೆ. ದಡದಲ್ಲಿ ಒಬ್ಬಾಕೆ ಪಾಲು ಹಾಕಿ ಮಾರುತ್ತಿದ್ದಳು. ನೀಲಿ, ಕಂದು ಗೆರೆಯ ಚಿಪ್ಪುಗಳು, ಒಂದೆರಡು ಇನ್ನೂ ಬಾಯಿ ಬಿಟ್ಟು ನೀರು ಚಿಮ್ಮುತ್ತಿದ್ದವು. "ಇಡೀ ರಾತ್ರಿ ನೀರಲ್ಲಿ ಹಾಕಿ ಇಡಿ, ಹೊಯಿಗೆ ಬಿಡ್ತದೆ" ಎಂದಳು. ಬಂಡವಾಳ ಬೇಡದ ಕಸುಬು ಇದು, ದೋಣಿ ಬಲೆ ಇಲ್ಲದವರಿಗೂ ಇಳಿತದ ಹೊತ್ತಿಗೆ ಕೂಲಿ ಸಿಗುತ್ತದೆ. ಹಾಗೆಂದೇ ಹೆಚ್ಚು ಜನ ಇಳಿದು ಬೆಳಚು ಬರಿದಾಗುವ ಭಯವೂ ಇದೆ.

ಅಘನಾಶಿನಿಗೆ ಅಣೆಕಟ್ಟಿಲ್ಲ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಮೇಲಿನ ಮಣ್ಣು, ಕೊಳೆತ ಎಲೆ ಎಲ್ಲವನ್ನೂ ಇಲ್ಲಿಗೇ ತಂದು ಸುರಿಯುತ್ತದೆ. ಇಲ್ಲಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಏಡಿ, ಸಿಗಡಿ, ಬೆಳಚು ಎಲ್ಲ ಬದುಕಿರುವುದು ಅದರಿಂದ. ಈ ಅಳಿವೆಯ 4801 ಹೆಕ್ಟೇರ್ ಪ್ರದೇಶವನ್ನು 2024ರಲ್ಲಿ ರಾಮ್ಸಾರ್ ತಾಣವೆಂದು, ಅಂದರೆ ಜಗತ್ತಿನ ಮಟ್ಟದಲ್ಲಿ ಮಹತ್ವದ ಜೌಗುಪ್ರದೇಶವೆಂದು, ಘೋಷಿಸಿದ್ದಾರೆ. ಬೋರ್ಡು ನನ್ನ ಕಣ್ಣಿಗೆ ಬೀಳಲಿಲ್ಲ, ಹಕ್ಕಿಗಳು ಬಿದ್ದವು. ಮೆಟ್ಟುಗಾಲು ಹಕ್ಕಿ, ಬೆಳ್ಳಕ್ಕಿ, ಹೆಸರು ಗೊತ್ತಿಲ್ಲದ ಸಣ್ಣ ಓಟದ ಹಕ್ಕಿಗಳ ಹಿಂಡು.

ಅಳಿವೆಯ ಬದಿಯ ಗಜನಿ ಗದ್ದೆಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಮಳೆನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಬಿತ್ತನೆ. ಆಳೆತ್ತರ ಬೆಳೆಯುತ್ತದೆ, ಉಪ್ಪುನೀರು ನುಗ್ಗಿದರೂ ಸಾಯುವುದಿಲ್ಲ. ಕೊಯ್ಯುವುದು ತೆನೆ ಮಾತ್ರ. ಹುಲ್ಲು ಅಲ್ಲೇ ಕೊಳೆತು ಮೀನು, ಸಿಗಡಿಗೆ ಮೇವಾಗುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ ಹಿಡಿಯುತ್ತಾರೆ. ನಾವು ಹೋದಾಗ ಗದ್ದೆಯಲ್ಲಿ ನೀರೇ ಇತ್ತು. ಕಗ್ಗ ನೋಡಬೇಕೆಂದರೆ ದೀಪಾವಳಿಗೆ ಮೊದಲು ಬನ್ನಿ. ಮಾಣಿಕಟ್ಟಾದ ರೈತರು ಇದನ್ನು ಇನ್ನೂ ಬಿಟ್ಟಿಲ್ಲ.

ಭಾನುವಾರ

ಬೆಳಿಗ್ಗೆ ಲಾಡ್ಜಿನ ಹುಡುಗ, "ಸುಗ್ಗಿ ಬಂತು, ಹೋಗಿ" ಎಂದು ಎಬ್ಬಿಸಿದ. ಬಂಕಿಕೊಡ್ಲದ ಒಂದು ಮನೆಯಂಗಳ. ಬೆಂಡಿನ ಹೂಗಳಿಂದ ಕಟ್ಟಿದ ಎತ್ತರದ ತುರಾಯಿ ತಲೆಗೆ ಬಿಗಿದುಕೊಂಡ ಕುಣಿತದವರು, ಕೈಯಲ್ಲಿ ಕೋಲು, ನವಿಲುಗರಿಯ ಕುಂಚ. ಗುಮಟೆಯ ಸದ್ದು ಬೇರೆ ಚರ್ಮವಾದ್ಯಗಳಂತಲ್ಲ. ಎರಡೂ ಕಡೆ ಬಾಯಿರುವ ಮಣ್ಣಿನ ಗಡಿಗೆ. ಒಂದು ಬಾಯಿಗೆ ಚರ್ಮ, ಇನ್ನೊಂದನ್ನು ಅಂಗೈಯಿಂದ ಮುಚ್ಚಿ ತೆರೆದು ಸ್ವರ ಏರಿಳಿಸುತ್ತಾರೆ. ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ಈಗ ಉಡ ಹಿಡಿಯುವುದು ಕಾನೂನಿಗೆ ವಿರುದ್ಧ, ಆಡಿನ ಚರ್ಮಕ್ಕೆ ಬಂದಿದ್ದಾರೆ. ಹಿರಿಯನೊಬ್ಬ "ನಾದ ಮೊದಲಿನಂತಿಲ್ಲ" ಎಂದ. ಹಾಡಿಗೂ ಹೋರಾಟಕ್ಕೂ ಹೆಸರಾಗಿ 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ, ಗಿಡ ಬೆಳೆಸಿ ಅದೇ ಗೌರವ ಪಡೆದ ತುಳಸಿ ಗೌಡ ಇಬ್ಬರೂ ಇದೇ ಹಾಲಕ್ಕಿ ಸಮುದಾಯದವರು, ಅಂಕೋಲೆ ತಾಲೂಕಿನವರು. ಕುಣಿತಕ್ಕೆ ಟಿಕೆಟ್ಟಿಲ್ಲ, ವೇಳಾಪಟ್ಟಿಯೂ ಇಲ್ಲ. ಹೋಳಿಗೆ ಮೊದಲಿನ ದಿನಗಳಲ್ಲಿ ಊರಲ್ಲಿದ್ದು, ಯಾರಾದರೂ ಹೇಳಿದಾಗ ಹೋಗಬೇಕು. ಹರಿವಾಣಕ್ಕೆ ಏನಾದರೂ ಹಾಕಿ.

ಮಧ್ಯಾಹ್ನದ ಮೇಲೆ ಕಾಡಿನ ನಡುವಿನ ಕರಿಬಂಡೆಗಳ ಯಾಣಕ್ಕೆ ಹೋಗೋಣವೇ ಎಂಬ ಚರ್ಚೆ ನಡೆಯಿತು. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಎಂಬ ಗಾದೆ ಇದೆ. ಗೋಕರ್ಣದಲ್ಲೇ ರೊಕ್ಕ ಮುಗಿದಿತ್ತು, ಬಿಸಿಲಿಗೆ ಸೊಕ್ಕೂ ಇಳಿದಿತ್ತು. ಹೆದ್ದಾರಿಯ ಹತ್ತಿರವೇ ಇರುವ ಮಿರ್ಜಾನ್ ಕೋಟೆಗೆ ಹೋದೆವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈ ಕೋಟೆಗೆ ಅಂಟಿಕೊಂಡಿದೆ. 1552ರಿಂದ 54 ವರ್ಷ ಆಳಿದವಳು, ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದವಳು. ಕೋಟೆ ಕಟ್ಟಿದವಳು ಅವಳೇ ಎಂದು ಕೆಲವರು, ಬಿಜಾಪುರದ ಆದಿಲಶಾಹಿಯ ಅಧಿಕಾರಿ ಎಂದು ಇನ್ನು ಕೆಲವರು. ಘಟ್ಟದ ಮೆಣಸು ಹೊಳೆಯ ಮೇಲೆ ಇಳಿದು ಹಡಗು ಸೇರುವ ಜಾಗದಲ್ಲಿ ಕೋಟೆ ಇದೆ ಎನ್ನುವುದಂತೂ ನಿಂತು ನೋಡಿದರೆ ಅರ್ಥವಾಗುತ್ತದೆ. ಜಂಬಿಟ್ಟಿಗೆಯ ಜೋಡಿ ಗೋಡೆ, ಸುತ್ತ ಕಂದಕ, ಒಳಗೆ ಮೆಟ್ಟಿಲಿಳಿಯುವ ಬಾವಿಗಳು. ಚಿತ್ರಗಳಲ್ಲಿ ಕಾಣುವ ಹಸಿರು ಕೋಟೆ ಬೇಕೆಂದರೆ ಆಗಸ್ಟಿನಲ್ಲಿ ಬರಬೇಕು. ಮಾರ್ಚಿನಲ್ಲಿ ಪೂರ್ತಿ ಕೆಂಪು.

ರೈಲಿಗೆ ಇನ್ನೂ ಹೊತ್ತಿತ್ತು. ಕುಮಟೆ ಕಡೆ ಅಳ್ವೆಕೋಡಿಯವರೆಗೆ ಹೋಗಿ ಹೆದ್ದಾರಿ ಬದಿಯ ಗೂಡುಗಳಲ್ಲಿ ಸಿಹಿ ಈರುಳ್ಳಿಯ ಗೊಂಚಲು ಕೊಂಡೆವು. ಸೊಪ್ಪನ್ನೇ ಹೆಣೆದು ಜಡೆ ಮಾಡಿರುತ್ತಾರೆ. ಕೊಳ್ಳುವಾಗ ಈರುಳ್ಳಿಯ ಕುತ್ತಿಗೆ ಒತ್ತಿ ನೋಡಿ, ಮೆತ್ತಗಿದ್ದರೆ ಒಳಗೆ ಹಸಿ ಉಳಿದಿದೆ ಎಂದರ್ಥ, ಬೇಗ ಕೊಳೆಯುತ್ತದೆ. ಸೀಸನ್ನಿನ ಮೊದಲ ಮಾಲಿನಲ್ಲಿ ಹೀಗಿರುವುದೇ ಹೆಚ್ಚು, ಏಪ್ರಿಲ್ ಕೊನೆಯದು ಬಾಳಿಕೆ ಜಾಸ್ತಿ. ಮನೆಗೆ ತಂದ ಕೂಡಲೇ ಚೀಲದಿಂದ ತೆಗೆದು ಗಾಳಿಯಾಡುವ ಕಡೆ ತೂಗುಹಾಕಬೇಕು. ಹರಳುಪ್ಪಿನ ಚೀಲ ಮಾತ್ರ ಅದರಿಂದ ದೂರವಿಡಿ, ಕರಾವಳಿಯ ಉಪ್ಪು ಎಲ್ಲಿಟ್ಟರೂ ನೀರೊಡೆಯುತ್ತದೆ.